ಶಿಶು ಮತ್ತು ಮಕ್ಕಳ ಮರಣ: ಸ್ವೀಡನ್ ದೇಶದ ಗ್ರಾಮೀಣ ಪ್ಯಾರಿಷ್ ದಾಖಲೆಗಳು ತಿಳಿಸುವ ಸಂಗತಿಗಳು

(ಜನನ ಮರಣ ನೋಂದಣಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ)

1. ಪೀಠಿಕೆ

ಜನನ ಮತ್ತು ಮರಣ ಪ್ರಮಾಣಪತ್ರಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಹಲವರು, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ತೀರಿಕೊಂಡ ಶಿಶುವಿನ ವಿವರಗಳನ್ನು ನೋಂದಾಯಿಸುವುದು ಅವಶ್ಯವೇ ಎಂದು ವಿಚಾರಿಸುತ್ತಾರೆ. ಆಸ್ತಿಯಾಗಲೀ, ಶಾಲೆಯಾಗಲೀ, ಪಿಂಚಣಿಯಾಗಲೀ ಸಂಬಂಧಿಸದ ಇಂತಹ ನಮೂದಿನಿಂದ ಯಾರಿಗೆ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರವನ್ನು ಇತಿಹಾಸದಿಂದಲೇ ಪಡೆಯಬಹುದಾಗಿದೆ. ಒಂದು ದೇಶದ ಹಳ್ಳಿಗಳಲ್ಲಿ ಎಷ್ಟು ಶಿಶುಗಳು ಸಾಯುತ್ತಿದ್ದವು, ಏಕೆ ಸಾಯುತ್ತಿದ್ದವು ಮತ್ತು ಆ ಸಾವುಗಳು ಹೇಗೆ ಕಡಿಮೆಯಾದವು ಎಂಬುದು ತಿಳಿದುಬಂದಿರುವುದು, ಅಲ್ಲಿನ ಜನರು ಇಂತಹ ಪುಟ್ಟ ನಮೂದುಗಳನ್ನು ಬಿಡದೆ ಬರೆದಿಟ್ಟಿದ್ದರಿಂದಲೇ ಆಗಿದೆ.

ಉತ್ತರ ಯುರೋಪಿನ ಸ್ವೀಡನ್ ದೇಶವು ಇದಕ್ಕೆ ಉತ್ತಮ ನಿದರ್ಶನ. ಇಡೀ ದೇಶದ ಜನನ ಮರಣಗಳ ಅಂಕಿ ಅಂಶಗಳು 1749ರಿಂದ ಇಂದಿನವರೆಗೆ ಎಡೆಬಿಡದೆ ದೊರೆಯುವುದು ಅಲ್ಲಿ. ಈ ಲೇಖನದಲ್ಲಿ ಆ ದೇಶದ ಗ್ರಾಮೀಣ ಪ್ಯಾರಿಷ್‌ಗಳಲ್ಲಿನ ಶಿಶು ಮತ್ತು ಮಕ್ಕಳ ಮರಣದ ಇತಿಹಾಸವನ್ನು ಸಂಕ್ಷಿಪ್ತವಾಗಿ ವಿವರಿಸಲಾಗಿದ್ದು, ಕೊನೆಯಲ್ಲಿ ನಮ್ಮ ನೋಂದಣಿ ಪದ್ಧತಿಗೆ ಸಂಬಂಧಿಸಿದ ಅಂಶಗಳನ್ನು ನೀಡಲಾಗಿದೆ.

2. ಪ್ಯಾರಿಷ್ ಎಂದರೇನು?

ಒಂದು ಚರ್ಚಿಗೆ ಮತ್ತು ಅದರ ಪಾದ್ರಿಗೆ ಒಳಪಟ್ಟ ಊರುಗಳ ಸಮೂಹಕ್ಕೆ ಪ್ಯಾರಿಷ್ ಎಂದು ಹೆಸರು. ಸ್ವೀಡನ್ನಿನಲ್ಲಿ ಇದು ಕೇವಲ ಧಾರ್ಮಿಕ ವಿಭಾಗವಾಗಿರಲಿಲ್ಲ. ಬಡವರ ಪೋಷಣೆ, ಶಾಲೆ, ಸೂಲಗಿತ್ತಿಯ ನೇಮಕ ಮುಂತಾದ ವಿಷಯಗಳನ್ನು ಪ್ಯಾರಿಷ್ ಸಭೆಯೇ ತೀರ್ಮಾನಿಸುತ್ತಿತ್ತು. ಆ ದೃಷ್ಟಿಯಿಂದ ಪ್ಯಾರಿಷ್ ನಮ್ಮ ಗ್ರಾಮ ಪಂಚಾಯಿತಿಯ ಕೆಲವು ಕಾರ್ಯಗಳನ್ನೂ ನಿರ್ವಹಿಸುತ್ತಿತ್ತೆಂದು ಹೇಳಬಹುದು.

1686ರ ಚರ್ಚ್ ಕಾನೂನಿನ ಮೇರೆಗೆ ಪ್ರತಿಯೊಬ್ಬ ಪಾದ್ರಿಯು ಜನನ, ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳ ಪುಸ್ತಕಗಳನ್ನು ಇಡುವುದು ಕಡ್ಡಾಯವಾಯಿತು. ಇವುಗಳ ಜೊತೆಗೆ ಮನೆವಾರು ಪುಸ್ತಕವೂ ಇರುತ್ತಿತ್ತು. ಪಾದ್ರಿಯು ಕಾಲಕಾಲಕ್ಕೆ ಪ್ರತಿ ಕುಟುಂಬದವರ ಓದುವ ಶಕ್ತಿಯನ್ನೂ ಧರ್ಮಜ್ಞಾನವನ್ನೂ ಪರೀಕ್ಷಿಸಿ, ಮನೆಯ ಯಜಮಾನನಿಂದ ಹಿಡಿದು ಆಳುಕಾಳುಗಳವರೆಗೆ ಎಲ್ಲರ ಹೆಸರನ್ನೂ ಇದರಲ್ಲಿ ನಮೂದಿಸುತ್ತಿದ್ದನು. ಊರು ಬಿಟ್ಟು ಹೋದವರ, ಬೇರೆ ಊರಿನಿಂದ ಬಂದವರ ವಿವರಗಳೂ ಇದರಲ್ಲಿ ಸೇರುತ್ತಿದ್ದವು.

ಅಂದಿನ ಕಾನೂನಿನ ಪ್ರಕಾರ ದೇಶದ ಬಹುತೇಕ ಎಲ್ಲ ನಿವಾಸಿಗಳೂ ಒಂದೇ ಚರ್ಚಿಗೆ ಸೇರಿದವರಾಗಿದ್ದುದರಿಂದ, ಪ್ಯಾರಿಷ್ ಪುಸ್ತಕವು ಇಡೀ ಊರಿನ ಪುಸ್ತಕವೇ ಆಗಿತ್ತು. ಜನಸಂಖ್ಯಾ ನೋಂದಣಿಯ ಈ ಕೆಲಸವು ಚರ್ಚಿನಿಂದ ಸರ್ಕಾರದ ತೆರಿಗೆ ಇಲಾಖೆಗೆ ವರ್ಗಾವಣೆಯಾದುದು 1991ರಲ್ಲಿ.

3. ಪ್ಯಾರಿಷ್ ಪುಸ್ತಕದಿಂದ ದೇಶದ ಅಂಕಿ ಅಂಶಕ್ಕೆ

1749ರಲ್ಲಿ ಸ್ವೀಡನ್ ಸರ್ಕಾರವು ಎಲ್ಲ ಪಾದ್ರಿಗಳಿಗೂ ಮುದ್ರಿತ ನಮೂನೆಗಳನ್ನು ಕಳುಹಿಸಿತು. ಆ ವರ್ಷದಲ್ಲಿ ಹುಟ್ಟಿದವರೆಷ್ಟು, ಸತ್ತವರೆಷ್ಟು, ಯಾವ ವಯಸ್ಸಿನಲ್ಲಿ ಮತ್ತು ಯಾವ ಕಾಯಿಲೆಯಿಂದ ಸತ್ತರು ಎಂಬುದನ್ನು ಪಾದ್ರಿಗಳು ಭರ್ತಿ ಮಾಡಿ ಕಳುಹಿಸಬೇಕಾಗಿತ್ತು. ಪ್ಯಾರಿಷ್‌ಗಳ ಲೆಕ್ಕವು ಮೇಲಿನ ಹಂತಗಳಲ್ಲಿ ಕ್ರೋಡೀಕರಣಗೊಂಡು ರಾಜಧಾನಿಯಾದ ಸ್ಟಾಕ್‌ಹೋಮ್ ತಲುಪುತ್ತಿತ್ತು. ‘ಟಾಬೆಲ್‌ವೆರ್ಕೆಟ್’ ಎಂದು ಕರೆಯಲಾದ ಈ ವ್ಯವಸ್ಥೆಯ ಮುಂದುವರಿಕೆಯಾಗಿ 1858ರಲ್ಲಿ ಅಲ್ಲಿನ ಕೇಂದ್ರ ಅಂಕಿ ಅಂಶ ಕಚೇರಿಯು ಸ್ಥಾಪನೆಯಾಯಿತು.

ಮೊದಲ ಲೆಕ್ಕಗಳು ಬಂದಾಗ ಆಡಳಿತಗಾರರಿಗೆ ಆಘಾತವಾಯಿತು. ಅಂದು ಸ್ವೀಡನ್ನಿಗೆ ಸೇರಿದ್ದ ಫಿನ್ಲೆಂಡ್ ಸಹಿತವಾಗಿ ದೇಶದ ಜನಸಂಖ್ಯೆ ಸುಮಾರು 22 ಲಕ್ಷ ಮಾತ್ರವಿತ್ತು. ಶತ್ರು ದೇಶಗಳಿಗೆ ತಿಳಿಯಬಾರದೆಂದು ಈ ಸಂಖ್ಯೆಯನ್ನು ಮೊದಲಿಗೆ ಗುಟ್ಟಾಗಿಯೇ ಇಡಲಾಗಿತ್ತು. ಖಗೋಳ ವಿಜ್ಞಾನಿಯಾಗಿದ್ದ ಪೇರ್ ವಾರ್ಗೆಂಟಿನ್ ಅವರು ಈ ಲೆಕ್ಕಗಳನ್ನು ಪರಿಶೀಲಿಸಿ, ಇಡೀ ದೇಶಕ್ಕೆ ಅನ್ವಯಿಸುವ ವಯೋವಾರು ಮರಣ ಕೋಷ್ಟಕಗಳನ್ನು 1766ರಲ್ಲಿ ಪ್ರಕಟಿಸಿದರು. ಮಕ್ಕಳ ಸಾವು ಅದುವರೆಗೆ ದೈವೇಚ್ಛೆ ಎಂದು ಭಾವಿಸಲ್ಪಟ್ಟಿತ್ತು. ಈ ಕೋಷ್ಟಕಗಳ ಕಾಲದಿಂದ ಅದು ರಾಜ್ಯವು ಗಮನ ಹರಿಸಬೇಕಾದ ವಿಷಯವೆಂದು ಪರಿಗಣಿತವಾಯಿತು.

4. ಕೆಲವು ಪದಗಳ ಅರ್ಥ

ಮುಂದಿನ ವಿವರಗಳನ್ನು ಅರಿಯಲು ಈ ಕೆಳಕಂಡ ಪದಗಳನ್ನು ತಿಳಿದಿರುವುದು ಸೂಕ್ತ.

(ಅ) ಶಿಶು ಮರಣ: ಜೀವಂತವಾಗಿ ಜನಿಸಿದ ಮಗುವು ಒಂದು ವರ್ಷ ತುಂಬುವುದರೊಳಗೆ ಮರಣ ಹೊಂದುವುದು.

(ಆ) ಶಿಶು ಮರಣ ಪ್ರಮಾಣ: ಒಂದು ವರ್ಷದಲ್ಲಿ ಸಂಭವಿಸಿದ ಪ್ರತಿ 1000 ಜೀವಂತ ಜನನಗಳಿಗೆ ಅದೇ ವರ್ಷದಲ್ಲಿ ಸಂಭವಿಸಿದ ಶಿಶು ಮರಣಗಳ ಸಂಖ್ಯೆ. ಉದಾಹರಣೆಗೆ, ಒಂದು ಪ್ಯಾರಿಷ್‌ನಲ್ಲಿ ಒಂದು ವರ್ಷ 80 ಜನನಗಳೂ 16 ಶಿಶು ಮರಣಗಳೂ ದಾಖಲಾಗಿದ್ದಲ್ಲಿ, ಆ ವರ್ಷದ ಶಿಶು ಮರಣ ಪ್ರಮಾಣವು 200 ಆಗುತ್ತದೆ.

(ಇ) ಮಕ್ಕಳ ಮರಣ: ಒಂದು ವರ್ಷ ತುಂಬಿದ ನಂತರ, ಐದು ವರ್ಷ ತುಂಬುವುದರೊಳಗೆ ಸಂಭವಿಸುವ ಮರಣ.

(ಈ) ನಿರ್ಜೀವ ಜನನ: ಜೀವದ ಯಾವ ಲಕ್ಷಣವೂ ಇಲ್ಲದೆ ಮಗು ಜನಿಸುವುದು. ಇದನ್ನು ಶಿಶು ಮರಣದಲ್ಲಿ ಸೇರಿಸಲಾಗುವುದಿಲ್ಲ.

ಶಿಶು ಮರಣ ಮತ್ತು ಮಕ್ಕಳ ಮರಣಗಳನ್ನು ಬೇರೆ ಬೇರೆಯಾಗಿ ನೋಡಲು ಕಾರಣವಿದೆ. ಇವೆರಡರ ಕಾರಣಗಳು ಭಿನ್ನವಾಗಿದ್ದವು. ಇಳಿಕೆಯೂ ಒಂದೇ ಕಾಲದಲ್ಲಿ, ಒಂದೇ ರೀತಿಯಲ್ಲಿ ಆಗಲಿಲ್ಲ.

5. ಮರಣ ಪ್ರಮಾಣ: ಒಂದು ನೋಟ

ಸ್ವೀಡನ್ ದೇಶದ ಒಟ್ಟಾರೆ ಶಿಶು ಮರಣ ಪ್ರಮಾಣವು (ಪ್ರತಿ 1000 ಜೀವಂತ ಜನನಗಳಿಗೆ) ಸ್ಥೂಲವಾಗಿ ಈ ಕೆಳಗಿನಂತಿತ್ತು.

1751–1760: 200ಕ್ಕಿಂತ ತುಸು ಹೆಚ್ಚು
1801–1810: ಸುಮಾರು 200
1841–1850: ಸುಮಾರು 150
1871–1880: ಸುಮಾರು 130
1891–1900: ಸುಮಾರು 100
2020: 3ಕ್ಕಿಂತ ಕಡಿಮೆ

ಅಂದರೆ ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಹುಟ್ಟಿದ ಐದು ಶಿಶುಗಳಲ್ಲಿ ಒಂದು ತನ್ನ ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಐದು ವರ್ಷ ತುಂಬುವುದರೊಳಗೆ ಹುಟ್ಟಿದವರಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಮಣ್ಣು ಸೇರುತ್ತಿತ್ತು. ಆರು ಮಕ್ಕಳನ್ನು ಹೆತ್ತ ತಾಯಿಯು ಸರಾಸರಿ ಇಬ್ಬರನ್ನು ಐದು ವರ್ಷದೊಳಗೆ ಕಳೆದುಕೊಳ್ಳುತ್ತಿದ್ದಳೆಂದು ಇದರ ತಾತ್ಪರ್ಯ.

ಸರಾಸರಿಯು ಎಲ್ಲ ಊರುಗಳಿಗೂ ಸಮನಾಗಿ ಅನ್ವಯಿಸುತ್ತಿರಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒಂದೇ ರಾಜ್ಯ, ಒಂದೇ ಧರ್ಮ, ಒಂದೇ ಬಗೆಯ ಬೇಸಾಯವಿದ್ದರೂ ಒಂದು ಸೀಮೆಯ ಪ್ಯಾರಿಷ್‌ಗಳಲ್ಲಿ ಸಾಯುವ ಶಿಶುಗಳ ಪ್ರಮಾಣವು ಮತ್ತೊಂದು ಸೀಮೆಯ ಪ್ರಮಾಣಕ್ಕಿಂತ ಎರಡು ಪಟ್ಟಿಗೂ ಮೀರಿರುತ್ತಿತ್ತು. ಒಂದೇ ಪ್ಯಾರಿಷ್‌ನೊಳಗೆ ಸಹ ಸಾವುಗಳು ಎಲ್ಲ ಮನೆಗಳಲ್ಲಿ ಸಮನಾಗಿ ಹಂಚಿಕೆಯಾಗಿರಲಿಲ್ಲ. ಅನೇಕ ಕುಟುಂಬಗಳು ಒಂದು ಶಿಶುವನ್ನೂ ಕಳೆದುಕೊಳ್ಳದಿದ್ದರೆ, ಕೆಲವೇ ಕುಟುಂಬಗಳಲ್ಲಿ ಮೂರು, ನಾಲ್ಕು ಸಾವುಗಳು ಒಟ್ಟಾಗಿ ಕಂಡುಬರುತ್ತವೆ. ವಿವಾಹಬಾಹಿರವಾಗಿ ಜನಿಸಿದ ಶಿಶುಗಳ ಮರಣ ಪ್ರಮಾಣವು ಇತರ ಶಿಶುಗಳಿಗಿಂತ ಬಹಳ ಹೆಚ್ಚಾಗಿತ್ತು. ಅಂತಹ ತಾಯಂದಿರಲ್ಲಿ ಬಹಳಷ್ಟು ಮಂದಿ ಕೂಲಿಗಾಗಿ ಶಿಶುವನ್ನು ಬಿಟ್ಟು ಹೋಗಬೇಕಾಗುತ್ತಿತ್ತು.

6. ಮರಣದ ಮುಖ್ಯ ಕಾರಣಗಳು

6.1 ಜನನದ ಮೊದಲ ತಿಂಗಳು: ಹೆರಿಗೆಯ ಕಾಲದ ತೊಂದರೆ, ಅವಧಿಗೆ ಮುಂಚಿನ ಜನನ, ತೂಕದ ಕೊರತೆ, ಹೊಕ್ಕುಳಬಳ್ಳಿಯ ಮೂಲಕ ತಗಲುವ ಸೋಂಕು ಮತ್ತು ಚಳಿ ಮುಖ್ಯ ಕಾರಣಗಳಾಗಿದ್ದವು. ತಾಯಿಯ ಆಹಾರ ಮತ್ತು ಆರೋಗ್ಯ ಕೆಟ್ಟಿದ್ದರೆ ಅದರ ಪರಿಣಾಮ ಮೊದಲಿಗೆ ಈ ಅವಧಿಯಲ್ಲಿಯೇ ತೋರುತ್ತಿತ್ತು.

6.2 ಒಂದು ತಿಂಗಳಿನಿಂದ ಒಂದು ವರ್ಷ: ಅತಿಸಾರ, ಉಸಿರಾಟದ ಕಾಯಿಲೆಗಳು ಮತ್ತು ನಾಯಿಕೆಮ್ಮು ಪ್ರಬಲವಾಗಿದ್ದವು. ಎದೆಹಾಲು ಇಲ್ಲದೆ ಬೆಳೆಯುತ್ತಿದ್ದ ಶಿಶುಗಳಿಗೆ ಬೇಸಿಗೆಯ ತಿಂಗಳುಗಳು ಅತ್ಯಂತ ಅಪಾಯಕಾರಿಯಾಗಿದ್ದವು. ಹಾಲು ಬೇಗ ಕೆಡುತ್ತಿದ್ದುದು ಒಂದು ಕಾರಣವಾದರೆ, ಹುಲ್ಲು ಕೊಯ್ಲಿನ ಕಾಲವಾದ್ದರಿಂದ ತಾಯಂದಿರು ದಿನವಿಡೀ ಹೊಲಗಳಲ್ಲಿರುತ್ತಿದ್ದುದು ಮತ್ತೊಂದು ಕಾರಣ.

6.3 ಒಂದರಿಂದ ಐದು ವರ್ಷ: ಸಿಡುಬು, ದಡಾರ, ನಾಯಿಕೆಮ್ಮು, ಗಂಟಲುಮಾರಿ, ಸ್ಕಾರ್ಲೆಟ್ ಜ್ವರ ಮತ್ತು ರಕ್ತಭೇದಿ ಅಲೆಅಲೆಯಾಗಿ ಬರುತ್ತಿದ್ದವು. ಸಿಡುಬು ಕೆಲವು ವರ್ಷಗಳಿಗೊಮ್ಮೆ ಮರುಕಳಿಸಿ, ಕಳೆದ ಬಾರಿಯ ನಂತರ ಹುಟ್ಟಿದ್ದ ಮಕ್ಕಳನ್ನೆಲ್ಲ ಒಮ್ಮೆಗೇ ಹಿಡಿಯುತ್ತಿತ್ತು. ಆದ್ದರಿಂದ ಒಂದು ವರ್ಷ ಶಾಂತವಾಗಿದ್ದ ಪ್ಯಾರಿಷ್ ಪುಸ್ತಕದಲ್ಲಿ, ಮರುವರ್ಷ ಪುಟಗಟ್ಟಲೆ ಮಕ್ಕಳ ಹೆಸರುಗಳು ಕಾಣಸಿಗುತ್ತವೆ. 1779ರಲ್ಲಿ ಸಿಡುಬು ಇಡೀ ದೇಶವನ್ನು ವ್ಯಾಪಿಸಿ ಸಾವಿರಾರು ಮಕ್ಕಳನ್ನು ಬಲಿ ತೆಗೆದುಕೊಂಡಿತು.

6.4 ಕ್ಷಾಮ: 1771ರಿಂದ ಬೆಳೆ ಕೈಕೊಟ್ಟು, 1773ರಲ್ಲಿ ಹಸಿವು ಮತ್ತು ರಕ್ತಭೇದಿ ಒಟ್ಟಿಗೆ ಬಂದಾಗ ಮಕ್ಕಳ ಮರಣವು ತೀವ್ರವಾಗಿ ಏರಿತು. ಕ್ಷಾಮದಲ್ಲಿ ಹಸಿವಿನಿಂದಲೇ ಸತ್ತವರಿಗಿಂತ, ಹಸಿವಿನಿಂದ ಕುಗ್ಗಿದ ದೇಹಕ್ಕೆ ಅಂಟಿದ ರೋಗದಿಂದ ಸತ್ತವರೇ ಅಧಿಕ.

7. ಒಂದು ಪ್ಯಾರಿಷ್‌ನ ನಿದರ್ಶನ: ನೇದರ್‌ಟೋರ್ನಿಯೋ

ಬಾತ್ನಿಯಾ ಕೊಲ್ಲಿಯ ಉತ್ತರ ತುದಿಯಲ್ಲಿ, ಟೋರ್ನೆ ನದಿಯ ದಡದಲ್ಲಿ, ಫಿನ್ಲೆಂಡಿನ ಗಡಿಗೆ ಹೊಂದಿಕೊಂಡಿರುವ ಪ್ಯಾರಿಷ್ ನೇದರ್‌ಟೋರ್ನಿಯೋ. ಹೈನುಗಾರಿಕೆ, ಮೀನುಗಾರಿಕೆ ಇಲ್ಲಿನವರ ಜೀವನಾಧಾರವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಶಿಶು ಮರಣ ಪ್ರಮಾಣವು 400ರ ಸಮೀಪದಲ್ಲಿತ್ತು. ಇದು ದೇಶದ ಸರಾಸರಿಯ ಸುಮಾರು ಎರಡು ಪಟ್ಟು.

ಇಲ್ಲಿನ ಜನರು ದೇಶದ ಇತರ ಹಳ್ಳಿಗಳವರಿಗಿಂತ ಕಡುಬಡವರಾಗಿದ್ದರೆಂಬುದು ಇದಕ್ಕೆ ಕಾರಣವಾಗಿರಲಿಲ್ಲ. ಇಲ್ಲಿ ತಾಯಂದಿರು ಎದೆಹಾಲು ಉಣಿಸುವ ವಾಡಿಕೆ ಇರಲಿಲ್ಲ. ಟೊಳ್ಳಾದ ಹಸುವಿನ ಕೊಂಬಿನ ತುದಿಗೆ ತೊಟ್ಟನ್ನು ಕಟ್ಟಿ, ಅದರ ಮೂಲಕ ಹಸುವಿನ ಹಾಲನ್ನು ಕುಡಿಸಲಾಗುತ್ತಿತ್ತು. ಕೊಂಬಿನ ಒಳಭಾಗವನ್ನು ತೊಳೆದು ಶುಚಿಗೊಳಿಸುವುದು ಕಷ್ಟ. ಉಳಿದ ಹಾಲು ಅಲ್ಲಿಯೇ ಹುಳಿತು, ಮುಂದಿನ ಬಾರಿಯ ಹಾಲನ್ನೂ ಕೆಡಿಸುತ್ತಿತ್ತು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬ ಜ್ಞಾನ ಅಂದಿಗೆ ಯಾರಿಗೂ ಇರಲಿಲ್ಲ. ಹೈನು ಯಥೇಚ್ಛವಾಗಿದ್ದ ಊರಿನಲ್ಲಿ ಹಸುವಿನ ಹಾಲನ್ನು ಕುಡಿಸುವುದು ಮಗುವಿಗೆ ಒಳಿತೆಂದೇ ಜನರು ನಂಬಿದ್ದರು. ತಾಯಿಯು ಕೊಟ್ಟಿಗೆಯ ಕೆಲಸಕ್ಕೂ ಹುಲ್ಲುಗಾವಲಿಗೂ ಹೋಗಬೇಕಾದ್ದರಿಂದ, ಮನೆಯಲ್ಲಿ ಉಳಿದವರು ಮಗುವಿಗೆ ಹಾಲುಣಿಸಲು ಈ ಪದ್ಧತಿಯೇ ಅನುಕೂಲಕರವಾಗಿತ್ತು.

ಎದೆಹಾಲು ಇಲ್ಲದಿರುವುದರ ಪರಿಣಾಮ ಎರಡು ಬಗೆಯದು. ಮೊದಲನೆಯದಾಗಿ, ತಾಯಿಯ ಹಾಲಿನಿಂದ ದೊರೆಯುವ ರೋಗನಿರೋಧಕ ಶಕ್ತಿಯಿಂದ ಶಿಶುವು ವಂಚಿತವಾಗುತ್ತದೆ ಮತ್ತು ಕೆಟ್ಟ ಹಾಲಿನ ಮೂಲಕ ಅತಿಸಾರಕ್ಕೆ ಗುರಿಯಾಗುತ್ತದೆ. ಎರಡನೆಯದಾಗಿ, ಹಾಲುಣಿಸದ ತಾಯಿಯು ಬೇಗನೆ ಮತ್ತೆ ಗರ್ಭಿಣಿಯಾಗುತ್ತಾಳೆ. ಹೆರಿಗೆಗಳ ನಡುವಣ ಅಂತರ ಕಡಿಮೆಯಾದಂತೆ ತಾಯಿಯ ದೇಹ ಬಳಲಿ, ಮುಂದಿನ ಶಿಶುವೂ ದುರ್ಬಲವಾಗಿ ಹುಟ್ಟುತ್ತದೆ. ಹೀಗೆ ಹೆಚ್ಚು ಜನನ, ಹೆಚ್ಚು ಮರಣ ಎಂಬ ವಿಷವರ್ತುಲವು ತಲೆಮಾರುಗಳವರೆಗೆ ಮುಂದುವರಿಯಿತು. ಇದೇ ವಾಡಿಕೆಯಿದ್ದ ಫಿನ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿಯೂ ಜರ್ಮನಿಯ ಬವೇರಿಯ ಪ್ರಾಂತದಲ್ಲಿಯೂ ಶಿಶು ಮರಣ ಪ್ರಮಾಣವು ಹೀಗೆಯೇ ವಿಪರೀತವಾಗಿತ್ತು.

ಪ್ಯಾರಿಷ್‌ಗೆ ಸಮೀಪದ ಹಾಪರಾಂಡಾ ಪಟ್ಟಣದಲ್ಲಿ ನೇಮಕಗೊಂಡ ವೈದ್ಯಾಧಿಕಾರಿ ವ್ರೆಟ್‌ಹೋಮ್ ಅವರು 1840ರ ದಶಕದಲ್ಲಿ, ತರಬೇತಿ ಪಡೆದ ಸೂಲಗಿತ್ತಿಯ ನೆರವಿನೊಂದಿಗೆ, ತಾಯಂದಿರಿಗೆ ಎದೆಹಾಲಿನ ಮಹತ್ವವನ್ನು ತಿಳಿಸುವ ಕಾರ್ಯವನ್ನು ಕೈಗೊಂಡರು. ಯಾವ ಹೊಸ ಔಷಧವೂ ಇರಲಿಲ್ಲ. ಊರಿನ ನೀರಿನ ವ್ಯವಸ್ಥೆ ಬದಲಾಗಿರಲಿಲ್ಲ. ಮಗುವಿಗೆ ಹಾಲುಣಿಸುವ ವಾಡಿಕೆಯೊಂದು ಮಾತ್ರ ನಿಧಾನವಾಗಿ ಬದಲಾಯಿತು. ಕೆಲವೇ ದಶಕಗಳಲ್ಲಿ ಆ ಪ್ಯಾರಿಷ್‌ನ ಶಿಶು ಮರಣ ಪ್ರಮಾಣವು ಸರಿಸುಮಾರು ಅರ್ಧಕ್ಕೆ ಇಳಿಯಿತು.

ಈ ಇಳಿಕೆಯನ್ನು ನಾವು ಇಂದು ತಿಳಿಯುವುದು ಸಾಧ್ಯವಾಗಿರುವುದು, ಪಾದ್ರಿಗಳು ಬರೆದಿಟ್ಟ ಜನನ ಪುಸ್ತಕ ಮತ್ತು ಮರಣ ಪುಸ್ತಕಗಳನ್ನು ಹೆಸರಿಗೆ ಹೆಸರು ಹೊಂದಿಸಿ ನೋಡಿದ್ದರಿಂದ. ಉಮಿಯೋ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಪ್ರಾರಂಭವಾದ ಜನಸಂಖ್ಯಾ ದತ್ತಾಂಶ ಕೇಂದ್ರವು ಇಂತಹ ಅನೇಕ ಪ್ಯಾರಿಷ್‌ಗಳ ಪುಸ್ತಕಗಳನ್ನು ಗಣಕೀಕರಿಸಿದ್ದು, ಸಂಶೋಧಕರು ಒಂದೊಂದು ಕುಟುಂಬದ ಇತಿಹಾಸವನ್ನು ತಲೆಮಾರುಗಳವರೆಗೆ ಅನುಸರಿಸಲು ಅನುಕೂಲವಾಗಿದೆ.

8. ಮರಣ ಪ್ರಮಾಣ ಇಳಿಕೆಗೆ ಕಾರಣವಾದ ಕ್ರಮಗಳು

ದೇಶದಾದ್ಯಂತ ಇಳಿಕೆಯು ಯಾವುದೋ ಒಂದು ಕ್ರಮದಿಂದ ಆದುದಲ್ಲ. ಮುಖ್ಯವಾದವುಗಳು ಈ ಕೆಳಕಂಡಂತಿವೆ.

(1) ತಿಳಿವಳಿಕೆ: ವೈದ್ಯರಾದ ನಿಲ್ಸ್ ರೋಸೆನ್ ಫಾನ್ ರೋಸೆನ್‌ಸ್ಟೈನ್ ಅವರು ಮಕ್ಕಳ ಕಾಯಿಲೆಗಳನ್ನು ಕುರಿತು ಬರೆದ ಲೇಖನಗಳು ವಿಜ್ಞಾನ ಅಕಾಡೆಮಿಯ ಪಂಚಾಂಗಗಳಲ್ಲಿ ಪ್ರಕಟವಾಗಿ ಮನೆಮನೆ ತಲುಪಿದವು. ಅವು 1764ರಲ್ಲಿ ಪುಸ್ತಕ ರೂಪದಲ್ಲಿಯೂ ಹೊರಬಂದವು. ಹೆಂಗಸರೂ ಸೇರಿದಂತೆ ಹಳ್ಳಿಗರಲ್ಲಿ ಬಹುಮಂದಿಗೆ ಓದಲು ಬರುತ್ತಿದ್ದುದರಿಂದ ಈ ತಿಳಿವಳಿಕೆ ವ್ಯರ್ಥವಾಗಲಿಲ್ಲ.

(2) ಸಿಡುಬಿನ ಲಸಿಕೆ: 1801ರಿಂದ ಸ್ವೀಡನ್ನಿನಲ್ಲಿ ಲಸಿಕೆ ಹಾಕುವುದು ಪ್ರಾರಂಭವಾಗಿ, 1816ರಲ್ಲಿ ಮಕ್ಕಳಿಗೆ ಕಡ್ಡಾಯವಾಯಿತು. ಹಳ್ಳಿಗಳಲ್ಲಿ ವೈದ್ಯರಿಲ್ಲದಿದ್ದುದರಿಂದ ಚರ್ಚಿನ ಗುಮಾಸ್ತರಿಗೇ ಈ ಕೆಲಸವನ್ನು ಕಲಿಸಲಾಯಿತು. ಯಾರಿಗೆ ಲಸಿಕೆಯಾಗಿದೆ, ಯಾರಿಗೆ ಆಗಿಲ್ಲ ಎಂಬುದನ್ನು ಪ್ಯಾರಿಷ್ ಪುಸ್ತಕದಲ್ಲಿಯೇ ಗುರುತು ಹಾಕಲಾಗುತ್ತಿತ್ತು.

(3) ಸೂಲಗಿತ್ತಿಯರ ತರಬೇತಿ: 1819ರ ನಿಯಮಾವಳಿಯು ಪ್ಯಾರಿಷ್‌ಗಳು ತರಬೇತಿ ಪಡೆದ ಸೂಲಗಿತ್ತಿಯನ್ನು ಹೊಂದಬೇಕೆಂದು ಸೂಚಿಸಿತು. ವೆಚ್ಚಕ್ಕೆ ಹೆದರಿ ಬಹಳಷ್ಟು ಪ್ಯಾರಿಷ್ ಸಭೆಗಳು ಇದನ್ನು ಮುಂದೂಡುತ್ತಲೇ ಬಂದವು. 1829ರಲ್ಲಿ, ತಕ್ಕ ತರಬೇತಿ ಪಡೆದ ಸೂಲಗಿತ್ತಿಯರಿಗೆ ಕಷ್ಟದ ಹೆರಿಗೆಗಳಲ್ಲಿ ಉಪಕರಣಗಳನ್ನು ಬಳಸುವ ಅಧಿಕಾರವನ್ನೂ ನೀಡಲಾಯಿತು. 1881ರಿಂದ ರೋಗಾಣುನಾಶಕ ದ್ರಾವಣದಿಂದ ಕೈ ಮತ್ತು ಉಪಕರಣಗಳನ್ನು ತೊಳೆಯುವ ಪದ್ಧತಿ ಜಾರಿಗೆ ಬಂದಿತು.

(4) ಆಹಾರ ಮತ್ತು ಶಾಂತಿ: ಆಲೂಗೆಡ್ಡೆಯ ಬೇಸಾಯವು ಹರಡಿದ್ದರಿಂದ ಬಡವರಿಗೂ ಹೊಟ್ಟೆ ತುಂಬುವಂತಾಯಿತು. 1814ರ ನಂತರ ಸ್ವೀಡನ್ ಯಾವ ಯುದ್ಧವನ್ನೂ ಮಾಡಲಿಲ್ಲವಾಗಿ, ಸೈನ್ಯದ ಬೆನ್ನಿಗೆ ಹಳ್ಳಿಗಳಿಗೆ ಬರುತ್ತಿದ್ದ ರೋಗಗಳೂ ತಗ್ಗಿದವು.

ಇಳಿಕೆಯ ಹಾದಿ ನೇರವಾಗಿರಲಿಲ್ಲ. ಸಿಡುಬು ತಗ್ಗಿದ ನಂತರವೂ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸ್ಕಾರ್ಲೆಟ್ ಜ್ವರ ಮತ್ತು ಗಂಟಲುಮಾರಿಯಿಂದಾಗಿ ಒಂದು ವರ್ಷ ಮೀರಿದ ಮಕ್ಕಳ ಮರಣವು ಕೆಲಕಾಲ ಪುನಃ ಏರಿತು. ಅದೇ ಕಾಲದಲ್ಲಿ ಶಿಶು ಮರಣವು ಇಳಿಯುತ್ತಲೇ ಇತ್ತು. ಎರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕದಿದ್ದಲ್ಲಿ ಈ ವ್ಯತ್ಯಾಸವು ಮರೆಯಾಗುತ್ತಿತ್ತು.

9. ದಾಖಲೆಗಳ ಇತಿಮಿತಿಗಳು

ಹಳೆಯ ಪುಸ್ತಕಗಳನ್ನು ಪೂರ್ಣವಾಗಿ ನಂಬುವುದಕ್ಕೆ ಮುನ್ನ ಕೆಲವು ಎಚ್ಚರಿಕೆಗಳು ಅಗತ್ಯ.

(ಅ) ದೀಕ್ಷಾಸ್ನಾನಕ್ಕೆ ಮುಂಚೆಯೇ ತೀರಿಕೊಂಡ ಶಿಶುಗಳ ಹೆಸರು ಬಿಟ್ಟುಹೋಗುವ ಸಂಭವವಿತ್ತು. 1686ರ ಕಾನೂನು ಎಂಟು ದಿನಗಳೊಳಗೆ ದೀಕ್ಷಾಸ್ನಾನ ಆಗಬೇಕೆಂದು ವಿಧಿಸಿತ್ತು. ಶಿಶು ಬದುಕುವ ಭರವಸೆ ಇಲ್ಲದಿದ್ದಾಗ ಸೂಲಗಿತ್ತಿ ಅಥವಾ ಮನೆಯವರೇ ತುರ್ತಾಗಿ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಹೀಗಾಗಿ ಅಲ್ಪಾಯುಗಳಾದ ಬಹುಪಾಲು ಶಿಶುಗಳ ನಮೂದು ದೊರೆಯುತ್ತದೆ.

(ಆ) ಕೆಲವು ಗಂಟೆ ಬದುಕಿದ್ದ ಶಿಶುವನ್ನು ನಿರ್ಜೀವ ಜನನವೆಂದು ಬರೆದಿರುವ ಸಾಧ್ಯತೆಯಿದೆ. ಇದರಿಂದ ಜನನದ ಸಂಖ್ಯೆ ಮತ್ತು ಮರಣದ ಸಂಖ್ಯೆ ಎರಡೂ ಕಡಿಮೆಯಾಗಿ ತೋರುತ್ತವೆ.

(ಇ) ಮರಣದ ಕಾರಣವನ್ನು ಬರೆಯುತ್ತಿದ್ದವರು ಪಾದ್ರಿಗಳೇ ಹೊರತು ವೈದ್ಯರಲ್ಲ. ಆರಂಭದ ನಮೂನೆಗಳಲ್ಲಿ ಸಿಡುಬು ಮತ್ತು ದಡಾರಗಳಿಗೆ ಒಂದೇ ಅಂಕಣವಿತ್ತು. ಮಲಗಿದ್ದಾಗ ತಾಯಿ ಅಥವಾ ದಾದಿಯ ಮೈ ತಗುಲಿ ಉಸಿರುಗಟ್ಟಿ ಸತ್ತ ಶಿಶುಗಳಿಗೆಂದು ಪ್ರತ್ಯೇಕ ಅಂಕಣವಿತ್ತು. ಇಂತಹ ಸಾವುಗಳಲ್ಲಿ ಎಷ್ಟೋ ಬೇರೆ ಕಾರಣಗಳಿಂದ ಆಗಿದ್ದಿರಬಹುದು. ಆದರೆ ದೋಷವು ಹೆಂಗಸರ ಮೇಲೆಯೇ ದಾಖಲಾಗುತ್ತಿತ್ತು.

10. ಸಾಮಾನ್ಯವಾದ ಎರಡು ತಪ್ಪು ಗ್ರಹಿಕೆಗಳು

10.1 “ಹಿಂದಿನ ಕಾಲದಲ್ಲಿ ಜನರು ಮೂವತ್ತೈದು ವರ್ಷಕ್ಕೇ ಸಾಯುತ್ತಿದ್ದರು.” ಹದಿನೆಂಟನೆಯ ಶತಮಾನದ ಸ್ವೀಡನ್ನಿನಲ್ಲಿ ಜನನ ಕಾಲದ ನಿರೀಕ್ಷಿತ ಆಯುಷ್ಯವು 35 ವರ್ಷಗಳ ಆಸುಪಾಸಿನಲ್ಲಿತ್ತು ಎಂಬುದು ನಿಜ. ಆದರೆ ಇದು ಸರಾಸರಿ. ಹುಟ್ಟಿದ ಮೊದಲ ವರ್ಷಗಳಲ್ಲೇ ಬಹಳಷ್ಟು ಮಕ್ಕಳು ತೀರಿಕೊಳ್ಳುತ್ತಿದ್ದುದರಿಂದ ಸರಾಸರಿಯು ಕೆಳಗಿಳಿಯುತ್ತಿತ್ತು. ಬಾಲ್ಯವನ್ನು ದಾಟಿದವರಲ್ಲಿ ಅನೇಕರು ಅರವತ್ತು, ಎಪ್ಪತ್ತು ವರ್ಷಗಳವರೆಗೂ ಬಾಳುತ್ತಿದ್ದರು.

10.2 “ಮಕ್ಕಳು ಪದೇ ಪದೇ ಸಾಯುತ್ತಿದ್ದುದರಿಂದ ಹೆತ್ತವರಿಗೆ ದುಃಖವೇ ಆಗುತ್ತಿರಲಿಲ್ಲ.” ತೀರಿಕೊಂಡ ಮಗುವಿನ ಹೆಸರನ್ನೇ ಅನಂತರ ಹುಟ್ಟಿದ ಮಗುವಿಗೆ ಇಡುತ್ತಿದ್ದುದನ್ನು ಪ್ಯಾರಿಷ್ ಪುಸ್ತಕಗಳಲ್ಲಿ ಕಾಣಬಹುದು. ಇದನ್ನು ಔದಾಸೀನ್ಯದ ಗುರುತೆಂದು ಕೆಲವರು ಅರ್ಥೈಸಿದ್ದಾರೆ. ಆದರೆ ಅಜ್ಜ ಅಜ್ಜಿಯರ ಹೆಸರು ಮನೆಯಲ್ಲಿ ಉಳಿಯಬೇಕೆಂಬ ಆಸೆಯೂ ಇದರ ಹಿಂದೆ ಇತ್ತು. ಹಾಲುಣಿಸದ ತಾಯಂದಿರನ್ನು ಅಂದಿನ ಅಧಿಕಾರಿಗಳು ಮಮತೆಯಿಲ್ಲದವರೆಂದು ದೂಷಿಸಿದ್ದುಂಟು. ಆದರೆ ತಿಳಿವಳಿಕೆ ದೊರೆತ ಮೇಲೆ ಅದೇ ಊರಿನ ತಾಯಂದಿರು ತಮ್ಮ ವಾಡಿಕೆಯನ್ನು ಬದಲಿಸಿಕೊಂಡರು. ಕೊರತೆಯಿದ್ದುದು ಮಾಹಿತಿಯದೇ ಹೊರತು ಮಮತೆಯದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

11. ನಮ್ಮ ನೋಂದಣಿ ಪದ್ಧತಿಗೆ ಇದರ ಸಂಬಂಧ

ಭಾರತದಲ್ಲಿ ಜನನ ಮತ್ತು ಮರಣಗಳ ನೋಂದಣಿಯು ‘ಜನನ ಮರಣ ನೋಂದಣಿ ಅಧಿನಿಯಮ, 1969’ರ ಮೇರೆಗೆ ಕಡ್ಡಾಯವಾಗಿದೆ. ಜಾತಿ, ಧರ್ಮಗಳ ಭೇದವಿಲ್ಲದೆ ಎಲ್ಲ ಜನನ, ಮರಣ ಮತ್ತು ನಿರ್ಜೀವ ಜನನಗಳಿಗೂ ಇದು ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು ಜನನ ಮರಣಗಳ ಮುಖ್ಯ ನೋಂದಣಾಧಿಕಾರಿಗಳಾಗಿರುತ್ತಾರೆ.

ನೋಂದಣಿಯಲ್ಲದೆ, ಮಾದರಿ ನೋಂದಣಿ ಪದ್ಧತಿಯ ಮೂಲಕವೂ ದೇಶದ ಶಿಶು ಮರಣ ಪ್ರಮಾಣವನ್ನು ಅಂದಾಜು ಮಾಡಲಾಗುತ್ತದೆ. ಅದರಂತೆ 1971ರಲ್ಲಿ ಭಾರತದ ಶಿಶು ಮರಣ ಪ್ರಮಾಣವು 129 ಆಗಿತ್ತು. ಇದು ಸ್ವೀಡನ್ನಿನಲ್ಲಿ 1870ರ ದಶಕದಲ್ಲಿದ್ದ ಪ್ರಮಾಣಕ್ಕೆ ಸಮ. 2020ರಲ್ಲಿ ಇದು ಭಾರತಕ್ಕೆ 28 ಮತ್ತು ಕರ್ನಾಟಕಕ್ಕೆ 19 ಎಂದು ದಾಖಲಾಗಿದೆ. ಮಾದರಿ ಸಮೀಕ್ಷೆಯು ರಾಜ್ಯದ ಸರಾಸರಿಯನ್ನು ತಿಳಿಸಬಲ್ಲುದೇ ಹೊರತು ಒಂದೊಂದು ಗ್ರಾಮದ ಸ್ಥಿತಿಯನ್ನಲ್ಲ. ನೇದರ್‌ಟೋರ್ನಿಯೋದಂತಹ ಒಂದು ಊರಿನ ವಿಶೇಷ ತೊಂದರೆಯು ಕಣ್ಣಿಗೆ ಬೀಳಬೇಕಾದರೆ, ಆ ಊರಿನ ಪ್ರತಿಯೊಂದು ಜನನ ಮತ್ತು ಮರಣವೂ ನೋಂದಣಿಯಾಗಿರಬೇಕು.

12. ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹುಟ್ಟಿದ ದಿನವೇ ತೀರಿಕೊಂಡ ಶಿಶುವಿಗೆ ಮರಣ ನೋಂದಣಿ ಮಾತ್ರ ಸಾಕೆ?
ಉತ್ತರ: ಸಾಲದು. ಶಿಶುವು ಜೀವಂತವಾಗಿ ಜನಿಸಿದ್ದಲ್ಲಿ, ಎಷ್ಟೇ ಅಲ್ಪ ಕಾಲ ಬದುಕಿದ್ದರೂ, ಜನನ ಮತ್ತು ಮರಣ ಎರಡನ್ನೂ ಪ್ರತ್ಯೇಕವಾಗಿ ನೋಂದಾಯಿಸತಕ್ಕದ್ದು.

ಪ್ರಶ್ನೆ: ಶಿಶುವು ನಿರ್ಜೀವವಾಗಿ ಜನಿಸಿದರೆ?
ಉತ್ತರ: ನಿಗದಿತ ಗರ್ಭಾವಧಿ ಪೂರೈಸಿದ ನಿರ್ಜೀವ ಜನನಗಳನ್ನು ಅದಕ್ಕೆಂದೇ ಇರುವ ಪ್ರತ್ಯೇಕ ನಮೂನೆಯಲ್ಲಿ ವರದಿ ಮಾಡತಕ್ಕದ್ದು.

ಪ್ರಶ್ನೆ: ಮಾಹಿತಿಯನ್ನು ಯಾರು, ಎಷ್ಟು ದಿನಗಳೊಳಗೆ ನೀಡಬೇಕು?
ಉತ್ತರ: ಆಸ್ಪತ್ರೆಯಲ್ಲಿ ಸಂಭವಿಸಿದ್ದಲ್ಲಿ ಆಸ್ಪತ್ರೆಯ ಪ್ರಭಾರದಲ್ಲಿರುವವರು, ಮನೆಯಲ್ಲಿ ಸಂಭವಿಸಿದ್ದಲ್ಲಿ ಕುಟುಂಬದ ಮುಖ್ಯಸ್ಥರು, 21 ದಿನಗಳೊಳಗೆ ಆಯಾ ಪ್ರದೇಶದ ನೋಂದಣಾಧಿಕಾರಿಗೆ ಮಾಹಿತಿ ನೀಡತಕ್ಕದ್ದು.

ಪ್ರಶ್ನೆ: ಅವಧಿ ಮೀರಿದರೆ ನೋಂದಣಿ ಸಾಧ್ಯವೆ?
ಉತ್ತರ: ಸಾಧ್ಯ. 30 ದಿನಗಳವರೆಗೆ ವಿಳಂಬ ಶುಲ್ಕದೊಂದಿಗೆ, ಅನಂತರ ಒಂದು ವರ್ಷದವರೆಗೆ ನಿಯಮಿತ ಪ್ರಾಧಿಕಾರದ ಲಿಖಿತ ಅನುಮತಿ ಮತ್ತು ಶುಲ್ಕದೊಂದಿಗೆ ನೋಂದಾಯಿಸಬಹುದು. ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ, 2023ರ ತಿದ್ದುಪಡಿಯಂತೆ, ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕೃತಗೊಂಡ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಅಗತ್ಯ.

ಪ್ರಶ್ನೆ: ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಜನನ ನೋಂದಣಿಗೆ ಕಾಯಬೇಕೆ?
ಉತ್ತರ: ಕಾಯಬೇಕಾಗಿಲ್ಲ. ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಪ್ರಶ್ನೆ: ಚರ್ಚಿನ ದೀಕ್ಷಾಸ್ನಾನದ ಪತ್ರವು ಜನನ ಪ್ರಮಾಣಪತ್ರವಾಗುವುದೆ?
ಉತ್ತರ: ಇಲ್ಲ. ಅದು ಧಾರ್ಮಿಕ ಸಂಸ್ಕಾರದ ದಾಖಲೆ. 1ನೇ ಅಕ್ಟೋಬರ್ 2023ರಂದು ಅಥವಾ ಅನಂತರ ಜನಿಸಿದವರಿಗೆ ಶಾಲಾ ದಾಖಲಾತಿ ಮುಂತಾದ ಕಾರ್ಯಗಳಲ್ಲಿ ಜನ್ಮ ದಿನಾಂಕ ಮತ್ತು ಸ್ಥಳದ ಪುರಾವೆಯಾಗಿ, ಅಧಿನಿಯಮದ ಮೇರೆಗೆ ನೀಡಲಾದ ಜನನ ಪ್ರಮಾಣಪತ್ರವೇ ಬೇಕಾಗುತ್ತದೆ.

ಪ್ರಶ್ನೆ: ಮರಣದ ಕಾರಣವನ್ನು ಬರೆಸಿದರೆ ಅದು ಎಲ್ಲರಿಗೂ ತಿಳಿಯುವುದೆ?
ಉತ್ತರ: ಇಲ್ಲ. ಮರಣ ಪ್ರಮಾಣಪತ್ರದಲ್ಲಿ ಮರಣದ ಕಾರಣವನ್ನು ತೋರಿಸಲಾಗುವುದಿಲ್ಲ. ಅದನ್ನು ಅಂಕಿ ಅಂಶಗಳಿಗಾಗಿ ಉಪಯೋಗಿಸಲಾಗುತ್ತದೆ. ಆದ್ದರಿಂದ ಕಾರಣವನ್ನು ಸಂಕೋಚವಿಲ್ಲದೆ ಸರಿಯಾಗಿ ತಿಳಿಸಬೇಕೆಂದು ಕೋರಲಾಗಿದೆ.

13. ಕೊನೆಯ ಮಾತು

ಟೋರ್ನೆ ನದಿಯ ದಡದಲ್ಲಿ ಇನ್ನೂರು ವರ್ಷಗಳ ಹಿಂದೆ ಶಿಶುವನ್ನು ಕಳೆದುಕೊಂಡ ಕುಟುಂಬಕ್ಕೆ, ಪಾದ್ರಿಯು ಬರೆದುಕೊಂಡ ಒಂದು ಸಾಲಿನಿಂದ ಯಾವ ಸಾಂತ್ವನವೂ ದೊರೆತಿರಲಾರದು. ಆದರೆ ಅಂತಹ ಸಾಲುಗಳು ಒಟ್ಟುಗೂಡಿದಾಗ, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾವ ವಯಸ್ಸಿನಲ್ಲಿ ಮಕ್ಕಳು ಸಾಯುತ್ತಿದ್ದಾರೆಂಬುದು ತಿಳಿದುಬಂದು, ಅನಂತರ ಹುಟ್ಟಿದ ಮಕ್ಕಳನ್ನು ಉಳಿಸಿಕೊಳ್ಳುವ ದಾರಿ ಕಂಡಿತು. ನಾಗರಿಕರು ದುಃಖದ ಸಮಯದಲ್ಲಿಯೂ ತಮ್ಮ ಕುಟುಂಬದಲ್ಲಿ ಸಂಭವಿಸಿದ ಪ್ರತಿ ಜನನ ಮತ್ತು ಮರಣವನ್ನು ಸಕಾಲದಲ್ಲಿ ನೋಂದಾಯಿಸಿ ಸಹಕರಿಸಬೇಕೆಂದು ಈ ಮೂಲಕ ವಿನಂತಿಸಲಾಗಿದೆ.